ಬೇಸಿಗೆಯ ಕರೆಂಟ್ ಬಿಲ್ಲು ಬರುವ ಮೊದಲೇ ತಾರಸಿಗೆ ಸುಣ್ಣ ಬಳಿಯಿರಿ

ಕಲಬುರಗಿ, ರಾಯಚೂರು ಕಡೆ ಚಿಕ್ಕ ತಾರಸಿ ಮನೆ, ತಗಡಿನ ಮನೆಗಳಲ್ಲಿರುವವರಿಗೆ ಈ ಮಾತು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ ತಿಂಗಳಿಗೆ 200 ಯೂನಿಟ್ ಕರೆಂಟ್ ಉಚಿತ ಎಂದು ಹಲವರು ಇಂದಿಗೂ ನಂಬಿದ್ದಾರೆ. ಹಾಗಿಲ್ಲ. 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಿರುತ್ತಾರೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ ಇಡೀ ವರ್ಷದ್ದು, ಸೆಕೆ ಮಾತ್ರ ಏಪ್ರಿಲ್-ಮೇ ತಿಂಗಳದ್ದು. ಪೆಟ್ಟು ಬೀಳುವುದು ಅಲ್ಲಿಯೇ.

ಹಾಗೆಂದು ಫ್ಯಾನ್ ಆರಿಸಿ ಬೇಯಬೇಡಿ. ಉಷ್ಣಾಂಶ 40 ಡಿಗ್ರಿ ದಾಟಿದ ದಿನ, ಅದರಲ್ಲೂ ಮನೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ, ಅಂಥ ಉಳಿತಾಯ ಅಪಾಯ.

ಅಗ್ಗದ ದಾರಿ ಸುಣ್ಣ. ಫೆಬ್ರವರಿಯಲ್ಲಿಯೇ ತಾರಸಿಯ ಧೂಳು, ಪಾಚಿ ಉಜ್ಜಿ ತೆಗೆಯಿರಿ. ಅರಳಿದ ಸುಣ್ಣವನ್ನು ಸೋಸಿ, ಸ್ವಲ್ಪ ಅಂಟು ಬೆರೆಸಿ, ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ ಬಳಿಯಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಚಾವಣಿ ಅಷ್ಟಾಗಿ ಕಾಯುವುದಿಲ್ಲ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ತೊಳೆದುಹೋಗುವುದರಿಂದ ವರ್ಷವೂ ಬಳಿಯಬೇಕು. ತಗಡಿಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಲೋಹಕ್ಕೆ ಒಗ್ಗುವ ಬಿಳಿ ಬಣ್ಣವೇ ಬೇಕು. ಸಿಮೆಂಟ್ ಶೀಟ್ ಮೇಲಂತೂ ದಯವಿಟ್ಟು ಕಾಲಿಡಬೇಡಿ, ಮುರಿಯುತ್ತದೆ.

ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮಲಗುವ ಕೋಣೆಯ ಫ್ಯಾನ್ ಬದಲಿಸಿ. ಹಳೆಯದು ಸುಮಾರು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ.

ಬಾಡಿಗೆದಾರರೇ, ಗೃಹಜ್ಯೋತಿಗೆ ನೀವೂ ಅರ್ಹರು. ಮನೆ ಬದಲಿಸಿದಾಗ ಹಳೆಯ ಮೀಟರಿಗಿರುವ ನಿಮ್ಮ ಆಧಾರ್ ಜೋಡಣೆ ತೆಗೆಸಿ ಹೊಸದಕ್ಕೆ ಅರ್ಜಿ ಹಾಕಿ.