ಲೋಟದಿಂದ ಎದ್ದು ಬರುವ ಹಲ್ಲು: ಸ್ಟಾಪ್ ಮೋಷನ್ ಹಾರರ್ ಕಾಮಿಡಿ ಕಿರುಚಿತ್ರ ಮಾಡುವ ಬಗೆ

ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ ತೆಗೆಯುವುದು, ಮತ್ತೆ ಅಷ್ಟೇ ಸರಿಸಿ ಇನ್ನೊಂದು ತೆಗೆಯುವುದು, ಹೀಗೆ ತೆಗೆದ ಸಾವಿರಾರು ಚಿತ್ರಗಳನ್ನು ಸಾಲಾಗಿ ಓಡಿಸಿ ಬೊಂಬೆಯೇ ನಡೆದಾಡಿದಂತೆ ತೋರಿಸುವುದು. ಸ್ಟಾಪ್ ಮೋಷನ್ ಎಂದರೆ ಇಷ್ಟೇ. ಜೀವವಿಲ್ಲದ ವಸ್ತು ಅಲುಗಾಡಿದಾಗ ನೋಡುವವರ ಮನಸ್ಸಿನಲ್ಲಿ ಏಳುವ ಸಣ್ಣ ಅಳುಕು ಈ ತಂತ್ರದ ಒಳಗೇ ಇರುವುದರಿಂದ ಭಯದ ಕಥೆಗೂ ಇದಕ್ಕೂ ಹಳೆಯ ನಂಟು. 1912ರಷ್ಟು ಹಿಂದೆಯೇ ಲಾಡಿಸ್ಲಾಸ್ ಸ್ಟಾರೆವಿಚ್ ಎಂಬ ನಿರ್ದೇಶಕ ಸತ್ತ ಕೀಟಗಳಿಗೆ ತಂತಿಯ ಕಾಲುಗಳನ್ನು ಅರಗಿನಿಂದ ಅಂಟಿಸಿ, ಅವುಗಳ ಕೈಯಲ್ಲಿ ಗಂಡ ಹೆಂಡಿರ ಕಳ್ಳಾಟದ ಪ್ರಹಸನವೊಂದನ್ನು ಆಡಿಸಿದ್ದ. ಹೆಣಗಳು ನಟಿಸಿದ ಆ ಹಾಸ್ಯವನ್ನು ಈ ಪ್ರಕಾರದ ಮುತ್ತಜ್ಜನೆಂದು ಕರೆಯಲು ನನಗೇನೂ ಸಂಕೋಚವಿಲ್ಲ.

ಹೊಸಬರು ಸಾಮಾನ್ಯವಾಗಿ ಹೆದರಿಕೆಯನ್ನು ಬೊಂಬೆಯ ವಿಕಾರ ರೂಪದಲ್ಲಿಯೂ ನಗುವನ್ನು ಮಾತಿನಲ್ಲಿಯೂ ಹುಡುಕುತ್ತಾರೆ. ಮೂರು ಕಿರುಚಿತ್ರಗಳನ್ನು ಮಾಡಿ, ಅವುಗಳಲ್ಲಿ ಎರಡನ್ನು ಕೆಡಿಸಿಕೊಂಡ ಮೇಲೆ ನಾನು ಕಂಡುಕೊಂಡದ್ದು ಬೇರೆ: ಬೊಂಬೆ ಎಷ್ಟು ಹೊತ್ತು ಅಲುಗಾಡದೆ ನಿಂತಿರುತ್ತದೆ ಎಂಬ ಲೆಕ್ಕದ ಮೇಲೆ ಭಯವೂ ನಗುವೂ ನಿಂತಿವೆ. ಮುಂದೆ ಹೇಳುವ ಕೆಲಸಗಳೆಲ್ಲ ಆ ಲೆಕ್ಕವನ್ನು ಕೈತಪ್ಪದಂತೆ ನೋಡಿಕೊಳ್ಳುವುದಕ್ಕಾಗಿಯೇ ಇವೆ.

ಕಥೆಯನ್ನು ಒಂದು ಕೋಣೆ, ಎರಡು ಬೊಂಬೆ, ಮೂರು ನಿಮಿಷಕ್ಕೆ ಕಟ್ಟಿಹಾಕಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳ ವೇಗದಲ್ಲಿ ಓಡುತ್ತದೆ. ಪ್ರತಿ ಚಿತ್ರವನ್ನೂ ಎರಡು ಫ್ರೇಮ್ ಕಾಲ ನಿಲ್ಲಿಸುವ ರೂಢಿಯನ್ನು ಅನುಸರಿಸಿದರೆ ಸೆಕೆಂಡಿಗೆ 12 ಚಿತ್ರಗಳು ಸಾಕು. ಹಾಗಿದ್ದರೂ ಮೂರು ನಿಮಿಷಕ್ಕೆ 2160 ಚಿತ್ರಗಳು ಬೇಕಾಗುತ್ತವೆ. ದಿನಕ್ಕೆ ನಾಲ್ಕು ಸೆಕೆಂಡು ಮುಗಿಸಿದರೆ, ಬೊಂಬೆ ಮತ್ತು ಸೆಟ್ ಸಿದ್ಧವಾದ ಮೇಲೂ, ಚಿತ್ರೀಕರಣವೊಂದಕ್ಕೇ 45 ದಿನ ಹಿಡಿಯುತ್ತದೆ. ಈ ಗುಣಾಕಾರವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡರೆ ಕಥೆಯಲ್ಲಿ ಪ್ರೇತಗಳ ಮೆರವಣಿಗೆ ಬರೆಯುವ ಆಸೆ ತಾನಾಗಿ ತಗ್ಗುತ್ತದೆ.

ನಮ್ಮ ಕಥೆ ಹೀಗಿತ್ತು: ಮುದುಕನೊಬ್ಬ ಮಲಗುವ ಮುನ್ನ ಲೋಟದ ನೀರಿನಲ್ಲಿಟ್ಟ ಹಲ್ಲಿನ ಸೆಟ್ಟು ನಡುರಾತ್ರಿ ಎದ್ದು, ನೆಲಕ್ಕಿಳಿದು, ಕಟಕಟ ಸದ್ದು ಮಾಡುತ್ತ ಅವನ ಹಾಸಿಗೆಯತ್ತ ಬರುತ್ತದೆ. ಕೊನೆಗೆ ಗೊತ್ತಾಗುವುದೇನೆಂದರೆ ಅದಕ್ಕೆ ಬೇಕಾದದ್ದು ಅವನ ಗಂಟಲಲ್ಲ, ದಿಂಬಿನ ಕೆಳಗೆ ಅವನು ಬಚ್ಚಿಟ್ಟ ಬಿಸ್ಕತ್ತು. ಹೆದರಿಸುವ ವಸ್ತುವಿಗೆ ತೀರಾ ಕ್ಷುಲ್ಲಕವಾದ ಆಸೆಯೊಂದನ್ನು ಕೊಡುವುದು ಹಾರರ್ ಕಾಮಿಡಿಯಲ್ಲಿ ನಂಬಬಹುದಾದ ದಾರಿ. ಆದರೆ ಆ ಆಸೆ ಬಯಲಾಗುವವರೆಗೆ ಭಯ ನಿಜವಾದ ಭಯವಾಗಿಯೇ ಇರಬೇಕು. ಮೊದಲ ಶಾಟಿನಿಂದಲೇ ಕಣ್ಣು ಮಿಟುಕಿಸಿ ತಮಾಷೆಯೆಂದು ಸೂಚಿಸುವ ಚಿತ್ರದಲ್ಲಿ ಯಾರೂ ಹೆದರುವುದಿಲ್ಲ, ಹೆದರದವರು ಕೊನೆಯಲ್ಲಿ ಜೋರಾಗಿ ನಗುವುದೂ ಇಲ್ಲ.

ಬೊಂಬೆ ಮಾಡುವ ಮೊದಲು ಅನಿಮ್ಯಾಟಿಕ್ ಮಾಡಿ. ಸ್ಟೋರಿಬೋರ್ಡಿನ, ಅಂದರೆ ದೃಶ್ಯಗಳನ್ನು ಕ್ರಮವಾಗಿ ಬರೆದ ಹಾಳೆಗಳ, ಒರಟು ಚಿತ್ರಗಳನ್ನು ಸರಿಯಾದ ಅವಧಿಗೆ ಜೋಡಿಸಿ, ಅದರ ಮೇಲೆ ತಾತ್ಕಾಲಿಕ ಸದ್ದು ಹಾಕಿದ ಕಚ್ಚಾ ಚಿತ್ರವಿದು. ಸಂಭಾಷಣೆ ಇದ್ದರೆ ಅದನ್ನೂ ಈಗಲೇ ಧ್ವನಿಮುದ್ರಿಸಿ, ಯಾವ ಅಕ್ಷರ ಎಷ್ಟನೆಯ ಫ್ರೇಮಿಗೆ ಬರುತ್ತದೆ ಎಂಬುದನ್ನು ಡೋಪ್ ಶೀಟ್ ಎಂಬ ಫ್ರೇಮುವಾರು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೊದಲು ಬಾಯಾಡಿಸಿ ಆಮೇಲೆ ಮಾತು ಹೊಂದಿಸಹೊರಟರೆ ಎರಡೂ ಕೂಡುವುದಿಲ್ಲ. ನಿಲುಗಡೆಯ ಲೆಕ್ಕ ಶುರುವಾಗುವುದೂ ಇಲ್ಲಿಯೇ. ಹಲ್ಲು ಲೋಟದ ಅಂಚಿಗೆ ಏರಿ ಮುದುಕನತ್ತ ತಿರುಗಿ ನಿಲ್ಲುವ ಗಳಿಗೆಗೆ ನಾವು ಮೊದಲು 6 ಚಿತ್ರ, ಅಂದರೆ ಅರ್ಧ ಸೆಕೆಂಡು ಇಟ್ಟಿದ್ದೆವು; ಅದು ನಿಂತಿತೆಂದೇ ನೋಡಿದವರಿಗೆ ತಿಳಿಯಲಿಲ್ಲ. 18 ಚಿತ್ರಕ್ಕೆ ಏರಿಸಿದಾಗ ಗೆಳೆಯರು ಕುಳಿತಲ್ಲಿಯೇ ಸ್ವಲ್ಪ ಮುಂದಕ್ಕೆ ಬಾಗಿದರು. 30ಕ್ಕೆ ಏರಿಸಿದಾಗ ಒಬ್ಬಳು ಕಿಸಕ್ಕೆಂದು ನಕ್ಕಳು. ಅದೇ ಹಲ್ಲು, ಅದೇ ಲೋಟ. ಒಂದು ಸೆಕೆಂಡಿನ ಅಂತರದಲ್ಲಿ ಭಯ ನಗುವಾಗಿ ಬದಲಾಗಿತ್ತು. ಆ ಜಾಗದಲ್ಲಿ ನಮಗೆ ಭಯ ಬೇಕಿದ್ದುದರಿಂದ 18ನ್ನು ಉಳಿಸಿಕೊಂಡು, 30ನ್ನು ಕೊನೆಯ ಬಿಸ್ಕತ್ತಿನ ದೃಶ್ಯಕ್ಕೆ ಎತ್ತಿಟ್ಟೆವು.

ಮುದುಕನ ಬೊಂಬೆಯ ಎತ್ತರ 20ರಿಂದ 25 ಸೆಂಟಿಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಬೆರಳಿಗೆ ಸಿಗುವುದಿಲ್ಲ, ದೊಡ್ಡದಾದರೆ ಅದರ ಭಾರಕ್ಕೆ ತಂತಿ ಬಾಗುತ್ತದೆ. ಒಳಗಿನ ಎಲುಬುಗೂಡಿಗೆ, ಅಂದರೆ ಆರ್ಮೇಚರಿಗೆ, ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿಯ ಎರಡು ಎಳೆಗಳನ್ನು ಹೊಸೆದು ಬಳಸಿ. ಉಕ್ಕಿನ ತಂತಿ ಬಾಗಿಸಿದ ಮೇಲೆ ಮತ್ತೆ ಹಿಂದಕ್ಕೆ ಚಿಮ್ಮುವುದರಿಂದ ಈ ಕೆಲಸಕ್ಕೆ ಬಾರದು. ಕೀಲುಗಳ ಜಾಗವನ್ನು ಬಿಟ್ಟು ಉಳಿದೆಡೆ ಎಪಾಕ್ಸಿ ಪುಟ್ಟಿ ಮೆತ್ತಿದರೆ ಮೊಣಕೈ ಮೊಣಕೈಯಲ್ಲಿಯೇ ಮಡಚಿಕೊಳ್ಳುತ್ತದೆ. ಪಾದದೊಳಗೆ ನಟ್ ಹುದುಗಿಸಿ, ವೇದಿಕೆಯ ಹಲಗೆಯಲ್ಲಿ ತೂತು ಕೊರೆದು ಕೆಳಗಿನಿಂದ ಸ್ಕ್ರೂ ಬಿಗಿದರೆ ಬೊಂಬೆ ಒಂದೇ ಕಾಲಿನ ಮೇಲೂ ನಿಲ್ಲುತ್ತದೆ. ಮೊದಲು ಮುರಿಯುವುದು ಹಿಮ್ಮಡಿಯ ಮೇಲಿನ ತಂತಿ. ನನ್ನ ಮುದುಕನ ಬಲಗಾಲು ಒಂದು ಶಾಟಿನ 71ನೆಯ ಚಿತ್ರದಲ್ಲಿ ಲಟಕ್ಕೆಂದಿತು. ಬದಲಿ ಕಾಲು ಇರಲಿಲ್ಲವಾದ್ದರಿಂದ ಆರು ಗಂಟೆಯ ಕೆಲಸ ಹೋಯಿತು. ಕಾಲುಗಳನ್ನು ಕಳಚಿ ಜೋಡಿಸುವಂತೆ ಮಾಡಿ, ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಕಣ್ಣಿಗೆ ಬಿಳಿಯ ಮಣಿಗಳು ಸಾಕು. ಪಾಪೆಯ ನಡುವೆ ಸೂಜಿ ತೂರುವಷ್ಟು ತೂತಿದ್ದರೆ ಗುಂಡುಸೂಜಿಯಿಂದ ನೋಟವನ್ನು ಬೇಕಾದತ್ತ ತಿರುಗಿಸಬಹುದು. ಮುಖಭಾವಕ್ಕೆ ಬಾಯಿಗಳನ್ನು ಬೇರೆ ಬೇರೆ ಮಾಡಿ ಬದಲಾಯಿಸುತ್ತ ಹೋಗುವುದು ಸುಲಭ. ಹೆನ್ರಿ ಸೆಲಿಕ್ ನಿರ್ದೇಶಿಸಿದ 1993ರ 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಚಿತ್ರದ ನಾಯಕನಿಗೆ ಸುಮಾರು 400 ತಲೆಗಳಿದ್ದವು. ನಿಮಗೆ ಏಳೆಂಟು ಬಾಯಿಗಳು ಸಾಕು. ಪ್ಲಾಸ್ಟಿಸಿನ್ ಎಂಬ ಒಣಗದ ಬೊಂಬೆಮಣ್ಣಿನ ಮೇಲೆ ಬೆರಳ ಗುರುತು ಮೂಡಿದರೆ ಅದನ್ನು ಅಳಿಸುತ್ತ ಕೂರಬೇಡಿ. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದ ಬೊಂಬೆಗಳ ಮೇಲೆ ಅಂಥ ಗುರುತುಗಳು ಧಾರಾಳವಾಗಿ ಕಾಣುತ್ತವೆ, ಅಲ್ಲಿಂದ ಬಂದ 2005ರ ರಾಕ್ಷಸ ಮೊಲದ ಹಾಸ್ಯಚಿತ್ರಕ್ಕೆ ಆಸ್ಕರ್ ಬರುವುದನ್ನು ಅವು ತಡೆಯಲಿಲ್ಲ. ತುಪ್ಪಳದ ಬೊಂಬೆಯಾದರೆ ಮಾತ್ರ ಹುಷಾರು: 1933ರ 'ಕಿಂಗ್ ಕಾಂಗ್' ಚಿತ್ರದಲ್ಲಿ ಗೊರಿಲ್ಲಾದ ಮೈಕೂದಲು ಸದಾ ಮಿಸುಕಾಡುವುದು ಬೊಂಬೆಯಾಡಿಸಿದವರ ಬೆರಳು ತಾಗಿದ್ದರಿಂದ. ಅಲ್ಲಿ ಅದು ಕೋಪದಿಂದ ನಿಮಿರಿದ ರೋಮದಂತೆ ಕಂಡು ಒಪ್ಪಿತವಾಯಿತು, ಎಲ್ಲ ಕಡೆಯೂ ಆ ಅದೃಷ್ಟ ಇರುವುದಿಲ್ಲ.

ಲೋಟದಲ್ಲಿ ನಿಜವಾದ ನೀರು ಬೇಡ. ಅದು ಮೇಜು ತಾಗಿದಾಗಲೆಲ್ಲ ಕುಲುಕುತ್ತದೆ, ದೀಪದ ಕಾವಿಗೆ ಆರುತ್ತದೆ. ಪಾರದರ್ಶಕ ಹೇರ್ ಜೆಲ್ ತುಂಬಿಸಿದರೆ ಹಲ್ಲು ಮೇಲೇಳುವಾಗ ನಾವು ಬಿಟ್ಟ ಜಾಗದಲ್ಲಿಯೇ ಅಲೆ ನಿಲ್ಲುತ್ತದೆ. ತೊಟ್ಟಿಕ್ಕುವ ಹನಿಗೆ ಗ್ಲಿಸರಿನ್, ಮಂಜಿಗೆ ಬಿಡಿಸಿದ ಹತ್ತಿ, ರಕ್ತಕ್ಕೆ ಕೆಂಪು ಪ್ಲಾಸ್ಟಿಸಿನ್. ರಕ್ತ ಮಣ್ಣಿನದೆಂದು ಎದ್ದು ಕಂಡಷ್ಟೂ ನಗು ಹೆಚ್ಚು ಎಂಬುದು ನನ್ನ ಅನಿಸಿಕೆ.

ಕ್ಯಾಮೆರಾ ವಿಷಯದಲ್ಲಿ ನಿಯಮ ಒಂದೇ: ಯಾವುದನ್ನೂ ಆಟೋ ಸ್ಥಿತಿಯಲ್ಲಿ ಬಿಡಬಾರದು. ಫೋಕಸ್, ಐಎಸ್‌ಓ, ಶಟರ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಕೈಯಾರೆ ನಿಗದಿಪಡಿಸಿ. ಆಧುನಿಕ ಲೆನ್ಸುಗಳಲ್ಲಿ ಪ್ರತಿ ಚಿತ್ರಕ್ಕೂ ಅಪರ್ಚರ್, ಅಂದರೆ ಬೆಳಕನ್ನು ಒಳಬಿಡುವ ಕಿಂಡಿ, ತೆರೆದು ಮುಚ್ಚುವಾಗ ಆಗುವ ಕಿಂಚಿತ್ ವ್ಯತ್ಯಾಸವೂ ತೆರೆಯ ಮೇಲೆ ಮಿನುಗಾಗಿ ಕಾಣುವುದರಿಂದ, ಅಪರ್ಚರ್ ಉಂಗುರವನ್ನು ಕೈಯಿಂದ ತಿರುಗಿಸುವ ಹಳೆಯ ಲೆನ್ಸೊಂದನ್ನು ಅಡಾಪ್ಟರ್ ಮೂಲಕ ಹಾಕಿಕೊಳ್ಳುವುದು ಉತ್ತಮ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಕಿಟಕಿಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ನೀವೂ ಕಪ್ಪು ಬಟ್ಟೆಯನ್ನೇ ಧರಿಸಿ: ನಾನು ಬಿಳಿ ಅಂಗಿಯಲ್ಲಿ ಚಿತ್ರೀಕರಿಸಿದ ಶಾಟಿನಲ್ಲಿ, ನಾನು ಬೊಂಬೆಯ ಹತ್ತಿರ ನಿಂತಾಗಲೆಲ್ಲ ಗೋಡೆ ಬೆಳಗಿ, ದೂರ ಸರಿದಾಗ ಮಂಕಾಗಿ, ಇಡೀ ಕೋಣೆ ಉಸಿರಾಡಿದಂತೆ ಕಂಡಿತು. ಕಥೆಗೆ ಅದು ಹೊಂದಿಕೊಂಡಿತೆಂದು ಉಳಿಸಿಕೊಂಡೆವೇ ಹೊರತು ಅದು ಉದ್ದೇಶವಾಗಿರಲಿಲ್ಲ. ಡ್ರ್ಯಾಗನ್‌ಫ್ರೇಮ್‌ನಂಥ ತಂತ್ರಾಂಶದಲ್ಲಿ ಹಿಂದಿನ ಚಿತ್ರವನ್ನು ಮಸುಕಾಗಿ ಮೇಲೆ ತೋರಿಸುವ ಆನಿಯನ್ ಸ್ಕಿನ್ ಸೌಲಭ್ಯವಿರುತ್ತದೆ. ಎಷ್ಟು ಸರಿಸಿದೆವೆಂದು ಅದರಿಂದ ತಿಳಿಯುತ್ತದೆ.

ಇನ್ನು ಆಡಿಸುವ ಕೆಲಸ. ಯಾವ ಚಲನೆಯೂ ಪೂರ್ಣ ವೇಗದಲ್ಲಿ ಶುರುವಾಗುವುದಿಲ್ಲ. ಮೊದಲು ಒಂದು ಮಿಲಿಮೀಟರ್, ಆಮೇಲೆ ಎರಡು, ನಾಲ್ಕು, ನಿಲ್ಲುವಾಗ ಮತ್ತೆ ಎರಡು, ಒಂದು. ಹಲ್ಲು ಮುಂದಕ್ಕೆ ಜಿಗಿಯುವ ಮುನ್ನ ತುಸು ಹಿಂದಕ್ಕೆ ಬಾಗಬೇಕು. ಜೀವಂತ ಪಾತ್ರ ಸುಮ್ಮನೆ ನಿಂತಾಗಲೂ ಒಂದೆರಡು ಚಿತ್ರಕ್ಕೊಮ್ಮೆ ಭುಜವನ್ನೋ ಕಣ್ಣನ್ನೋ ಕೊಂಚ ಸರಿಸಬೇಕೆಂಬುದು ಈ ಕಲೆಯ ಸಾಮಾನ್ಯ ಪಾಠ, ಏಕೆಂದರೆ ಪೂರ್ತಿ ನಿಶ್ಚಲವಾದ ಬೊಂಬೆ ಸತ್ತಂತೆ ಕಾಣುತ್ತದೆ. ಹಾರರ್ ಕಾಮಿಡಿ ಮಾಡುವವರಿಗೆ ಈ ದೋಷವೇ ವರ. ಮುದುಕ ಮಲಗಿದ್ದಾಗಲೂ ಅವನ ಹೊಟ್ಟೆ ಏರಿಳಿಯುತ್ತಿರಲಿ, ಹಲ್ಲು ನಿಂತಾಗ ಮಾತ್ರ ಕಲ್ಲಿನಂತೆ ನಿಲ್ಲಲಿ. ಯಾವುದಕ್ಕೆ ಜೀವವಿದೆ, ಯಾವುದಕ್ಕೆ ಇರಬಾರದಿತ್ತು ಎಂಬುದು ಒಂದು ಮಾತೂ ಇಲ್ಲದೆ ಪ್ರೇಕ್ಷಕರಿಗೆ ತಲುಪುತ್ತದೆ.

ಶುರು ಮಾಡಿದ ಶಾಟನ್ನು ಅದೇ ದಿನ ಮುಗಿಸಿ. ರಾತ್ರಿ ಕಳೆಯುವುದರೊಳಗೆ ಹಲಗೆ ಉಬ್ಬುತ್ತದೆ, ಬೊಂಬೆ ಕೂದಲೆಳೆಯಷ್ಟು ಕುಸಿಯುತ್ತದೆ, ಆ ಜಿಗಿತ ತೆರೆಯ ಮೇಲೆ ಢಾಳಾಗಿ ಕಾಣುತ್ತದೆ. ಬೇಸರವಾದಾಗ 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಬೊಂಬೆಯಾಡಿಸಿದ ರೇ ಹ್ಯಾರಿಹೌಸನ್‌ರ ಅಸ್ಥಿಪಂಜರಗಳ ಕತ್ತಿಕಾಳಗವನ್ನು ನೆನೆಯಿರಿ: ಏಳು ಅಸ್ಥಿಪಂಜರಗಳ ಆ ಕೆಲವೇ ನಿಮಿಷಗಳಿಗೆ ಅವರೊಬ್ಬರೇ ನಾಲ್ಕೂವರೆ ತಿಂಗಳು ಕೂತಿದ್ದರು.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಪಿಂಗಾಣಿ ಚೂರುಗಳನ್ನು ಮೈಕಿನ ಹತ್ತಿರ ತಟ್ಟಿದರೆ ಹಲ್ಲಿನ ಸದ್ದು ಸಿಗುತ್ತದೆ. ಹಲ್ಲು ನಿಂತ ಆ 18 ಚಿತ್ರಗಳಲ್ಲಿ ಸಂಗೀತವನ್ನೂ ನಿಲ್ಲಿಸಿ.

ಚಿತ್ರ ಮುಗಿಯಿತೆಂದು ನಿಮಗೆ ಅನಿಸಿದ ಮೇಲೆ, ನಿಮ್ಮ ಕಷ್ಟದ ಅರಿವಿಲ್ಲದ ಹತ್ತು ಮಂದಿಗೆ ತೋರಿಸಿ. ಚಿತ್ರತಂಡದವರ ಚಪ್ಪಾಳೆಯನ್ನು ನಂಬುವಂತಿಲ್ಲ, ಅವರಿಗೆ ತೆರೆಯ ಮೇಲೆ ಕಾಣುವುದು ಹಲ್ಲಲ್ಲ, 45 ದಿನಗಳ ಬೆನ್ನುನೋವು. ತೋರಿಸುವಾಗ ನೀವು ತೆರೆಯನ್ನು ನೋಡಬೇಡಿ. ಪಕ್ಕದಲ್ಲಿ ಕುಳಿತು ಮುಖಗಳನ್ನು ನೋಡುತ್ತ, ಯಾವ ನಿಮಿಷ ಯಾವ ಸೆಕೆಂಡಿಗೆ ಏನಾಯಿತೆಂದು ಬರೆದುಕೊಳ್ಳಿ. ನಗುವಿನಲ್ಲಿಯೂ ಎರಡು ಬಗೆಯುಂಟು. ಭಯ ಇಳಿದ ಸಮಾಧಾನಕ್ಕೆ ಬರುವ ನಗು ಒಮ್ಮೆಲೇ, ಎಲ್ಲರಿಂದಲೂ ಬರುತ್ತದೆ. ಬೊಂಬೆಯ ಕೆಲಸ ಕೆಟ್ಟು ಬಂದ ನಗು ಅಲ್ಲಲ್ಲಿ, ಪಿಸುಮಾತಿನ ಜೊತೆ ಬರುತ್ತದೆ. ಎರಡನೆಯದು ಕೇಳಿದ ಜಾಗದಲ್ಲಿ ಶಾಟನ್ನು ಮೊಟಕುಗೊಳಿಸಿ. ಮೊದಲನೆಯದು ಕೇಳಿದ ಜಾಗದಲ್ಲಿ, ನಗು ಇಳಿಯುವಷ್ಟರಲ್ಲಿ ಮುಂದಿನ ಮುಖ್ಯ ಸದ್ದು ಬಂದುಹೋಗದಂತೆ ಒಂದೆರಡು ಸೆಕೆಂಡಿನ ಅವಕಾಶ ಬಿಡಿ. ನಿಶ್ಚಲ ನಿಲುವನ್ನು ಹಿಗ್ಗಿಸಲು ಹೊಸ ಚಿತ್ರೀಕರಣ ಬೇಕಿಲ್ಲ, ಇದ್ದ ಫ್ರೇಮನ್ನೇ ಮತ್ತೆ ಬಳಸಬಹುದು. ಈ ತಂತ್ರದಲ್ಲಿ ಸುಲಭವಾಗಿ ಸಿಗುವುದು ಬಹುಶಃ ಇದೊಂದೇ.

ಚಲನಚಿತ್ರೋತ್ಸವಗಳಿಗೆ ಕಳಿಸುವಾಗ ಈ ಪ್ರಕಾರಕ್ಕೆ ಎರಡು ಬಾಗಿಲುಗಳಿವೆ. ಫ್ರಾನ್ಸಿನಲ್ಲಿ 1960ರಿಂದ ನಡೆದುಬಂದ ಆನೆಸಿಯಂಥ ಅನಿಮೇಷನ್ ಉತ್ಸವಗಳು ಒಂದು. ಸ್ಪೇನಿನಲ್ಲಿ 1968ರಲ್ಲಿ ಶುರುವಾದ ಸಿಚೆಸ್‌ನಂಥ ಭಯ ಮತ್ತು ಅದ್ಭುತ ಚಿತ್ರಗಳ ಉತ್ಸವಗಳು ಇನ್ನೊಂದು. ಮೊದಲನೆಯ ಕಡೆ ಬೊಂಬೆಯ ಚಲನೆಯನ್ನು ಬಲ್ಲವರು ನೋಡುತ್ತಾರೆ, ಎರಡನೆಯ ಕಡೆ ಹೆದರಲೆಂದೇ ಬಂದವರು. ಒಂದೇ ಪರಿಚಯ ಬರಹವನ್ನು ಎರಡೂ ಕಡೆ ಕಳಿಸದೆ, ಅಲ್ಲಿ ತಂತ್ರವನ್ನೂ ಇಲ್ಲಿ ಕಥೆಯನ್ನೂ ಮುಂದಿಡಿ. ಬಿಸ್ಕತ್ತಿನ ಗುಟ್ಟನ್ನು ಎಲ್ಲಿಯೂ ಬಿಡಬೇಡಿ.

ಬೊಂಬೆ ಎಂದಾಕ್ಷಣ ಮಕ್ಕಳ ಚಿತ್ರವೆಂದು ತಿಳಿಯುವವರು ಬಹಳ. ಮೇಲೆ ಹೇಳಿದ 1993ರ ಚಿತ್ರವನ್ನು ಮಕ್ಕಳಿಗೆ ಹೆದರಿಕೆಯಾದೀತೆಂಬ ಅಳುಕಿನಿಂದ ಡಿಸ್ನಿ ತನ್ನ ಹೆಸರಿನ ಬದಲು ಟಚ್‌ಸ್ಟೋನ್ ಹೆಸರಿನಲ್ಲಿ ಬಿಡುಗಡೆ ಮಾಡಿತ್ತು, ಜನ ಒಪ್ಪಿಕೊಂಡ ಮೇಲೆ 2006ರ ಮರುಬಿಡುಗಡೆಗೆ ತನ್ನ ಹೆಸರನ್ನೇ ಹಾಕಿಕೊಂಡಿತು. ಯಾವ ವಯಸ್ಸಿನವರು ನೋಡಬಹುದೆಂಬುದನ್ನು ಪೋಸ್ಟರಿನ ಮೇಲೆಯೇ ಬರೆಯುವುದರಿಂದ, ಚಿಕ್ಕ ಮಕ್ಕಳನ್ನು ಕರೆತಂದ ಪೋಷಕರು ಅರ್ಧದಲ್ಲಿ ಎದ್ದುಹೋಗುವ ಮುಜುಗರ ತಪ್ಪುತ್ತದೆ.

ಪ್ರದರ್ಶನದ ನಂತರದ ಮಾತುಕತೆಗೆ ಹಲ್ಲಿನ ಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎಷ್ಟು ದಿನ ಹಿಡಿಯಿತೆಂಬ ಪ್ರಶ್ನೆ ಮುಗಿದ ಕೂಡಲೇ ಎಲ್ಲರೂ ಬೊಂಬೆಯನ್ನು ಮುಟ್ಟಿ ನೋಡಬೇಕೆನ್ನುತ್ತಾರೆ, ಹಲ್ಲಿಗಾದರೆ ಮುರಿಯುವ ಕಾಲಿಲ್ಲ. ಮುದುಕ ಮನೆಯಲ್ಲಿ ಪೆಟ್ಟಿಗೆಯೊಳಗೇ ಇರಲಿ.