ಸರೌಂಡ್ ಸ್ಪೀಕರಿಗೆ ಸ್ಟ್ಯಾಂಡ್ ತಗೋಳಾಕ ಹೊಂಟೀರೇನ್ರಿ? ಮೊದ್ಲ ಬುಡಾ ನೋಡ್ರಿ

ನಮ್ಮನಿ ಕತಿಯಿಂದನ ಚಾಲೂ ಮಾಡ್ತೀನಿ. ಹೋದ ದೀಪಾವಳಿಗೆ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಂದ್ವಿ, ಮುಂದಿನ ಸ್ಪೀಕರ್ ಟಿವಿ ಕಟ್ಟಿ ಮ್ಯಾಲೆ ಕುಂತ್ವು, ಹಿಂದಿನ ಎರಡಕ್ಕ, ಅಂದ್ರ ಸರೌಂಡ್ ಸ್ಪೀಕರಿಗೆ, ಜಾಗಾನ ಇಲ್ಲ. ನಮ್ದು ಧಾರವಾಡದಾಗ ಹಳೇ ಮನಿ, ಮಣ್ಣಿನ ಗ್ವಾಡಿ, ಸ್ಕ್ರೂ ಹೊಡದ್ರ ಸ್ಕ್ರೂ ಜೋಡಿ ಗಿಲಾವಾನೂ ಕೈಗೆ ಬರತೈತಿ. ಅದಕ್ಕ ಆನ್‌ಲೈನ್‌ದಾಗ ಚಂದ ಕಾಣೋ ತೆಳ್ಳನ ಸ್ಟ್ಯಾಂಡ್ ತರಿಸಿದೆ. ಎಂಟು ದಿನಾನೂ ಆಗಿರ್ಲಿಲ್ಲ, ಅಕ್ಕನ ಮಗ ಸೋಫಾ ಹಿಂದಿಂದ ಓಡಿ ಬಂದ, ಕಾಲು ಸ್ಟ್ಯಾಂಡಿಗೆ ತಾಗಲೇ ಇಲ್ಲ, ವಾಯರಿಗೆ ಸಿಕ್ತು, ಸ್ಪೀಕರ್ ಬಂದು ಫರಸಿ ಮ್ಯಾಲೆ ಧಪ್ ಅಂತು. ಹುಡುಗಗ ಏನೂ ಆಗ್ಲಿಲ್ಲ ಪುಣ್ಯಾ, ಸ್ಪೀಕರಿನ ಮೂಲಿ ಒಡೀತು. ಅವ್ವ ಅಂದ್ಲು, "ಬುಡಾ ನೋಡಿ ತಂದಿಯೇನಪಾ, ಬರೇ ಮಾರಿ ನೋಡಿ ತಂದಿ?"

ಅಕಿ ಹೇಳಿದ್ದು ಖರೇನ. ಸ್ಟ್ಯಾಂಡ್ ಬೀಳೋ ಲೆಕ್ಕದಾಗ ಎರಡ ಅಳತಿ ಅದಾವ: ಸ್ಪೀಕರ್ ಸೇರಿ ಒಟ್ಟು ತೂಕದ ನಡುವು ನೆಲದಿಂದ ಎಷ್ಟು ಎತ್ತರ ಐತಿ, ಬುಡದ ಅಂಚು ಕಂಬದಿಂದ ಎಷ್ಟು ದೂರ ಐತಿ. ನಂದು 10 ಇಂಚಿನ ಬುಡ, ಸ್ಟ್ಯಾಂಡ್ ಹಗುರ, ಮ್ಯಾಲೆ 2 ಕೆಜಿ ಸ್ಪೀಕರ್, ತೂಕದ ನಡುವು 27 ಇಂಚಿನ ಮ್ಯಾಲೆ ಹೋಗಿ ಕುಂತಿತ್ತು. ಅಂದ್ರ ಹತ್ತು ಡಿಗ್ರಿ ವಾಲಿದ್ರ ಸಾಕು, ಮುಗೀತು ಕತಿ.

ಈ ನಡುವು ಹುಡುಕಾಕ ಮಷೀನೇನೂ ಬ್ಯಾಡ್ರಿ. ಸ್ಪೀಕರ್ ಬಿಗದು ಸ್ಟ್ಯಾಂಡನ್ನ ಲಟ್ಟಣಿಗಿ ಮ್ಯಾಲೆ ಅಡ್ಡ ಮಲಗಿಸ್ರಿ, ಆಕಡೆ ಈಕಡೆ ಸರಿಸಿ ತಕ್ಕಡಿ ಹಂಗ ಸಮಾ ನಿಲ್ಲೋ ಜಾಗಾ ಸಿಗತೈತಿ, ಅದು ಅರ್ಧಕ್ಕಿಂತ ಕೆಳಗ ಇದ್ರ ಛಲೋ, ಮ್ಯಾಲೆ ಇದ್ರ ಆ ಸ್ಟ್ಯಾಂಡ್ ಹುಡುಗ್ರಿರೋ ಮನಿಗೆ ಆಗಂಗಿಲ್ಲ. ಅಂಗಡ್ಯಾಗ ಸ್ಪೀಕರ್ ಒಯ್ಯಾಕ ಆಗಲಿಲ್ಲಂದ್ರ ಅಷ್ಟ ತೂಕದ ಜ್ವಾಳದ ಹಿಟ್ಟಿನ ಚೀಲಾ ಒಯ್ರಿ, ನಗ್ತಾರ, ನಗ್ಲಿ ಬಿಡ್ರಿ.

ಮೂರು ಕಾಲಿನದರ ಬಗ್ಗೆ ಒಂದ ಮಾತು. ಮೂರು ಕಾಲಿದ್ರ ಎಂಥಾ ಫರಸಿ ಮ್ಯಾಲೂ ಡುಗುಡುಗು ಅನ್ನಂಗಿಲ್ಲ, ಅದು ಖರೆ, ಆದ್ರ ಕಾಲು 8 ಇಂಚು ಉದ್ದ ಐತಿ ಅಂತ ಖುಷಿ ಪಡಬ್ಯಾಡ್ರಿ. ಬೀಳೋದು ಕಾಲಿನ ದಿಕ್ಕಿಗಲ್ಲ, ಎರಡು ಕಾಲಿನ ನಡುವಿನ ಸಂದಿಗೆ, ಅಲ್ಲಿ ಆಸರಾ ಸಿಗೋದು ಅರ್ಧಾ, ಬರೇ 4 ಇಂಚು. ತಗೊಂಡಿದ್ರ ಒಂದು ಕಾಲು ಮಂದಿ ಓಡ್ಯಾಡೋ ಕಡೆಯಿಂದ ಉಲ್ಟಾ ದಿಕ್ಕಿಗೆ ಚಾಚಿ ಇಡ್ರಿ, ಅಂದ್ರ ಡಿಕ್ಕಿ ಹೊಡದಾಗ ಆ ಕಾಲು ತಡೀತೈತಿ.

ನಾ ಕಡೀಕ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಬ್ರು ವೆಲ್ಡಿಂಗ್ ಅಣ್ಣಾರ ಹತ್ರ ಮಾಡಿಸಿದೆ. ಬುಡಕ್ಕ 30 ಸೆಂಟಿಮೀಟರ್ ಚೌಕದ 5 ಎಂಎಂ ಪ್ಲೇಟು, ಅದೊಂದ ಮೂರೂವರಿ ಕೆಜಿ ಆಕ್ಕೈತಿ. ಅದರ ಮ್ಯಾಲೆ 50 ಎಂಎಂ ಚೌಕ ಪೈಪು, ದಪ್ಪ 2 ಎಂಎಂ, ಉದ್ದ 3 ಫೂಟು. ಪೈಪಿನ ಅರ್ಧದ ತನಕಾ ಉಸುಕು ತುಂಬಿದ್ವಿ, ಒಂದೂವರಿ ಕೆಜಿ ಹಿಡೀತು. ಪೂರಾ ಯಾಕ ತುಂಬಬಾರ್ದು ಅಂತ ಅಣ್ಣಾರು ಕೇಳಿದ್ರು, ಮ್ಯಾಲಿನ ಉಸುಕು ತೂಕದ ನಡುವನ್ನ ಮ್ಯಾಲಕ್ಕ ಜಗ್ಗತೈತಿ ಅಂತ ಹೇಳ್ದೆ. ಪೈಪು ಟಣ್ ಅನ್ನೋದೂ ಹೋತು, ಈಗ ಬೆರಳಿಂದ ಬಡದ್ರ ಮಡಕಿ ಹಂಗ ಮಂದ ಸಪ್ಪಳ. ಉಸುಕು ಮಾತ್ರ ಜರಡಿ ಹಿಡದು ಎರಡು ದಿನಾ ಬಿಸಲಾಗ ಒಣಗಿಸ್ಬೇಕು, ಹಸಿ ಇದ್ರ ಒಳಗಿಂದ ತುಕ್ಕು ಹಿಡೀತೈತಿ, ಅದೂ ಧಾರವಾಡದ ಮಳಿಗಾಲದಾಗ ಕೇಳೋದ ಬ್ಯಾಡ. ಈಗ ತೂಕದ ನಡುವು 15 ಇಂಚಿಗೆ ಇಳದೈತಿ, ಇಪ್ಪತ್ತು ಡಿಗ್ರಿ ವಾಲಿಸಿದ್ರೂ ತಿರುಗಿ ಬಂದು ನಿಲ್ಲತೈತಿ. ವೆಲ್ಡಿಂಗ್ ಆದಮ್ಯಾಲೆ ರಸಮಟ್ಟ ಇಟ್ಟು ನೋಡೋದು ಬಿಡಬ್ಯಾಡ್ರಿ, ಕಂಬ ಸೊಟ್ಟಿದ್ರ ಇಷ್ಟೆಲ್ಲಾ ಲೆಕ್ಕ ದಂಡ.

ಕೆಳಗ ಚೂಪಾದ ಸ್ಪೈಕ್ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ. ದಪ್ಪ ಕಾರ್ಪೆಟ್ ಇದ್ದಲ್ಲಿ ಅದು ಸರಿ, ನಮ್ಮ ಶಾಬಾದಿ ಫರಸಿಗೆ, ಟೈಲ್ಸಿಗೆ ಗೀರು ಬೀಳತಾವ, ರಬ್ಬರ್ ಬುಶ್ಶ ಸಾಕು. ಫರಸಿ ಏರುಪೇರು ಇದ್ರ ತಿರುವಿ ಎತ್ತರ ಮಾಡೋ ಬೋಲ್ಟ್ ಹಾಕಿಸ್ರಿ.

ವಾಯರಿನ ಮಾತಿಗೆ ಬರ್ತೀನಿ, ನನ್ನ ಸ್ಪೀಕರ್ ಕೆಡವಿದ್ದ ಅದು. ವಾಯರ್ ಸ್ಪೀಕರಿನ ಬೆನ್ನಿಂದ ಸೀದಾ ನೆಲಕ್ಕ ಜೋತು ಬಿದ್ದಿದ್ರ, ಯಾರ ಎಡವಿದ್ರೂ ಜಗ್ಗೋದು ತುತ್ತತುದಿಗೆ. ಅದಕ್ಕ ಕಂಬದ ಗುಂಟ ಇಳಿಸಿ ಬುಡದ ಹತ್ರ ಟೈ ಹಾಕಿ ಬಿಗೀರಿ, ಮ್ಯಾಲೆ ಸ್ವಲ್ಪ ಸಡ್ಲ ಬಿಡ್ರಿ. ಆಗ ಜಗ್ಗಿದ್ರ ಬುಡಕ್ಕ ಜಗ್ಗತೈತಿ, ಸ್ಟ್ಯಾಂಡ್ ಸರೀತೈತಿ, ಬೀಳಂಗಿಲ್ಲ.

ತಲಿ ಭಾಗಕ್ಕ: ಸಣ್ಣ ಸ್ಪೀಕರಿನ ಬೆನ್ನಾಗ ಸ್ಕ್ರೂ ತೂತು ಐತೋ, ಮೊಳಿಗೆ ತೂಗಹಾಕೋ ಸಂದಿ ಐತೋ ನೋಡಿ ಅದಕ್ಕ ಹೊಂದೋದು ತಗೋಳ್ರಿ. ಎತ್ತರ ಅಂದ್ರ ಸೋಫಾದಾಗ ಆರಾಮ ಕುಂತು ನೆಲದಿಂದ ಕಿವಿ ತನಕಾ ಟೇಪ್ ಹಿಡಸ್ರಿ, ಬಹಳಷ್ಟು ಮನ್ಯಾಗ 36 ರಿಂದ 40 ಇಂಚು ಬರತೈತಿ, ಸ್ಪೀಕರ್ ಅಷ್ಟಕ್ಕ ಇಲ್ಲಾ ಸ್ವಲ್ಪ ಮ್ಯಾಲೆ ಇರ್ಲಿ, ಸೋಫಾದ ಬೆನ್ನು ಮಾತ್ರ ಅಡ್ಡ ಬರಬಾರ್ದು. 5.1ಕ್ಕ ಹಿಂದಿನ ಸ್ಪೀಕರ್ ಇಡೋದು 90 ರಿಂದ 110 ಡಿಗ್ರಿ ಒಳಗ, ಅಂದ್ರ ಟಿವಿ ನೋಡ್ಕೋತ ಕುಂತು ಎರಡೂ ಕೈ ಅಡ್ಡ ಚಾಚಿದ್ರ ಅದು 90, ಅಲ್ಲಿಂದ ಒಂಚೂರು ಹಿಂದ. ಬೆನ್ನ ಹಿಂದ ಮೂಲ್ಯಾಗ ಒಗದ್ರ ಮಜಾ ಬರಂಗಿಲ್ಲ.

ಹೊಸಾ ಸ್ಟ್ಯಾಂಡ್ ಬಂದಮ್ಯಾಲೆ ಅಕ್ಕನ ಮಗ ಎರಡು ಸಲ ಡಿಕ್ಕಿ ಹೊಡದಾನ, ಅವನ ಮೊಣಕಾಲು ಕೆತ್ತೈತಿ, ಸ್ಟ್ಯಾಂಡ್ ಅಲುಗಿಲ್ಲ. ಅವ್ವಂದು ಈಗ ಬ್ಯಾರೆ ಜಗಳ: ಕಸಾ ಹೊಡಿಯೋಮುಂದ ಇದನ್ನ ಸರಸಾಕ ಆಗವಲ್ದು, ಕಸಬರಗಿ ಒಳಗ ಹೋಗವಲ್ದು ಅಂತ.