ಕಂಪ್ಯೂಟರ್‌ನಿಂದ ಸೌಂಡ್ ಬರ್ತಿಲ್ವಾ? ಡ್ರೈವರ್ ತೆಗೆಯುವ ಮೊದಲು ಇಷ್ಟು ನೋಡಿ

ಸೌಂಡ್ ನಿಂತ ಕೂಡಲೇ ಎಲ್ಲರೂ ಹೇಳುವುದು ಒಂದೇ, 'ಡ್ರೈವರ್ ಹೋಗಿರಬೇಕು'. ಡ್ರೈವರ್ ಅಂದರೆ ಸೌಂಡ್ ಚಿಪ್‌ನಂಥ ಭಾಗಗಳನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್. ನಾನೂ ಹಾಗೇ ಅಂದುಕೊಂಡು ಅರ್ಧ ದಿನ ಡ್ರೈವರ್ ತೆಗೆಯುವುದು, ಹಾಕುವುದು ಮಾಡಿದ್ದೆ. ಆಮೇಲೆ ಗೊತ್ತಾಯಿತು, ಹೊಸ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ ಮೇಲೆ ವಿಂಡೋಸ್ ಸೌಂಡನ್ನು ಮಾನಿಟರ್‌ಗೇ ಕಳಿಸುತ್ತಿತ್ತು, ಅದರಲ್ಲಿ ಸ್ಪೀಕರೇ ಇರಲಿಲ್ಲ!

ಹಾಗಾಗಿ ಮೊದಲು ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ ಒತ್ತಿ, ಸೌಂಡ್ ಎಲ್ಲಿಗೆ ಹೋಗುತ್ತಿದೆ ನೋಡಿ. ವಿಂಡೋಸ್ 10ರಲ್ಲಿ ಆ ಹೆಸರು ವಾಲ್ಯೂಮ್ ಪಟ್ಟಿಯ ಮೇಲೆಯೇ ಇರುತ್ತದೆ, 11ರಲ್ಲಿ ಪಟ್ಟಿಯ ಪಕ್ಕದ ಚಿಕ್ಕ ಗುರುತು ಒತ್ತಬೇಕು. ಸ್ಪೀಕರ್ ಪಿನ್ ಸಿಪಿಯು ಹಿಂದಿನ ಹಸಿರು ತೂತಿನಲ್ಲಿದೆಯಾ? ಗುಲಾಬಿ ಬಣ್ಣದ್ದು ಮೈಕ್‌ಗೆ. ಅದೇ ಹಸಿರು ತೂತಿಗೆ ಮೊಬೈಲ್ ಇಯರ್‌ಫೋನ್ ಹಾಕಿದಾಗ ಸೌಂಡ್ ಬಂದರೆ ತೊಂದರೆ ಸ್ಪೀಕರ್‌ದು ಅಥವಾ ಅದರ ವೈರ್‌ದು, ಡ್ರೈವರ್ ತಂಟೆಗೇ ಹೋಗಬೇಡಿ.

ಇಷ್ಟಕ್ಕೂ ಬರಲಿಲ್ಲವೆಂದರೆ ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್' ಅಂತ ಒಂದು ಸಾಲಿದೆ, ಅದನ್ನು ಬಿಡಿಸಿ ನೋಡಿ. ಹೆಚ್ಚಾಗಿ ಅಲ್ಲಿ ರಿಯಲ್‌ಟೆಕ್ ಎಂಬ ಹೆಸರಿರುತ್ತದೆ, ಅದು ಸೌಂಡ್ ಚಿಪ್ ಮಾಡುವ ಕಂಪನಿ. ಎನ್‌ವಿಡಿಯಾ ಅಥವಾ ಎಎಂಡಿ ಹೆಸರಿನದು ಸಾಮಾನ್ಯವಾಗಿ ಎಚ್‌ಡಿಎಂಐ ಸೌಂಡ್‌ದು, ಅದನ್ನು ಮುಟ್ಟಬೇಡಿ. ಕೆಳಮುಖ ಬಾಣ ಕಂಡರೆ ಯಾರೋ ಆಫ್ ಮಾಡಿದ್ದಾರೆ ಅಂತ ಅರ್ಥ, ರೈಟ್ ಕ್ಲಿಕ್ ಮಾಡಿ 'ಎನೇಬಲ್' ಕೊಟ್ಟರೆ ಸಾಕು. ಹಳದಿ ತ್ರಿಕೋನ ಕಂಡರೆ ಡ್ರೈವರ್ ಮೇಲೆ ಅನುಮಾನ ಪಡಬಹುದು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒಳಗಿನ 'ರೋಲ್ ಬ್ಯಾಕ್ ಡ್ರೈವರ್' ಒಮ್ಮೆ ಒತ್ತಿ ನೋಡಿ, ಹಿಂದಿನ ಡ್ರೈವರ್ ವಾಪಸ್ ಬರುತ್ತದೆ.

ಅದೂ ಆಗಲಿಲ್ಲ ಅಂದರೆ ಹೊಸದಾಗಿ ಹಾಕೋಣ. ಆದರೆ ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಇಳಿಸಿಕೊಂಡಿರಿ. ಸ್ಟಾರ್ಟ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಹುಡುಕಿ ತೆರೆದರೆ 'ಬೇಸ್‌ಬೋರ್ಡ್ ಪ್ರಾಡಕ್ಟ್' ಎದುರು ಮದರ್‌ಬೋರ್ಡ್ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್) ಮಾಡೆಲ್ ಸಿಗುತ್ತದೆ. ಅದನ್ನು ತಯಾರಿಸಿದ ಕಂಪನಿಯ ಸೈಟ್‌ನಲ್ಲೇ ಆಡಿಯೋ ಡ್ರೈವರ್ ತಗೊಳ್ಳಿ. ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಹಾಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್ ದಯವಿಟ್ಟು ಬೇಡ, ಸುಮ್ನೆ ಇನ್ನೇನೋ ಬೇಡದ್ದೆಲ್ಲ ಒಳಗೆ ಬಂದು ಕೂರುತ್ತದೆ.

ಈಗ ರಿಯಲ್‌ಟೆಕ್ ಮೇಲೆ ರೈಟ್ ಕ್ಲಿಕ್, 'ಅನ್‌ಇನ್‌ಸ್ಟಾಲ್ ಡಿವೈಸ್'. ಡ್ರೈವರನ್ನೂ ತೆಗೆಯಬೇಕಾ ಅಂತ ಕೇಳುವ ಚೌಕಕ್ಕೆ ಟಿಕ್ ಹಾಕಿ. ಆಮೇಲೆ ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಬೇಡ. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಡ್ರೈವರ್‌ಗಳ ಹಳೆಯ ಸ್ಥಿತಿ ಹಾಗೇ ಉಳಿದು ಮುಂದಿನ ಸಲ ಅದೇ ವಾಪಸ್ ಬರುತ್ತದೆ, ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಕಂಪ್ಯೂಟರ್ ಮತ್ತೆ ಆನ್ ಆದಾಗ ವಿಂಡೋಸ್ ತನ್ನದೇ 'ಹೈ ಡೆಫಿನಿಶನ್ ಆಡಿಯೋ' ಡ್ರೈವರ್ ಹಾಕಿಕೊಳ್ಳುವುದೂ ಉಂಟು. ಎಷ್ಟೋ ಸಲ ಅಷ್ಟರಲ್ಲೇ ಸೌಂಡ್ ಬಂದುಬಿಡುತ್ತದೆ. ಮೈಕ್ ಅಥವಾ ಮುಂದಿನ ಹೆಡ್‌ಫೋನ್ ತೂತು ಕೆಲಸ ಮಾಡದಿದ್ದರೆ ಇಳಿಸಿಟ್ಟ ಫೈಲ್ ಓಡಿಸಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ.

ಪಟ್ಟಿಯಲ್ಲಿ ಸೌಂಡ್‌ನ ಹೆಸರೇ ಕಾಣದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಗೆ, ಹೋಗಿ ಆಡಿಯೋ ಆಫ್ ಆಗಿದೆಯಾ ನೋಡಬೇಕು. ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಹೆಚ್ಚಿನವುಗಳಲ್ಲಿ ಅದು ತೆರೆಯುತ್ತದೆ. ಅಲ್ಲಿ ಆನ್ ಇದ್ದೂ ಇಲ್ಲಿ ಕಾಣುತ್ತಿಲ್ಲ ಅಂದರೆ ಬೋರ್ಡ್‌ನ ಸೌಂಡ್ ಚಿಪ್ಪೇ ಹೋಗಿರಬಹುದು. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಚುಚ್ಚಿ, ಹೆಚ್ಚಿನವಕ್ಕೆ ಬೇರೆ ಡ್ರೈವರ್ ಕೂಡ ಬೇಕಾಗುವುದಿಲ್ಲ.